ಸೀಟು ಹಿಡಿಯುವ ಮೊದಲು ಕಾಲೇಜು ನೋಡಿ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಮಕ್ಕಳ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ಬೆಳೆದು ಬಂದ ದಾರಿಯನ್ನು ನನಗಿಂತ ಮೊದಲು ಮಾತಾಡಿದ ಹಿರಿಯರು ಸೊಗಸಾಗಿ ಹೇಳಿದ್ದಾರೆ. ಅದನ್ನೇ ನಾನು ಮತ್ತೆ ಹೇಳಿ ನಿಮ್ಮ ಊಟದ ಹೊತ್ತು ಮೀರಿಸೋದಿಲ್ಲ. ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ಕಾಲೇಜು ಮತ್ತು ಸೀಟಿನದು. ನಾನು ಓದಿರುವುದು ಎಸ್.ಎಸ್.ಎಲ್.ಸಿ. ಮಾತ್ರ. ಮೇಷ್ಟರುಗಳು ಇರುವಾಗ ಈ ವಿಷಯ ನಾನು ಮಾತಾಡೋದು ಸರಿಯಾ ಅಂತ ಕೇಳಿದೆ. "ಜೂನ್ ಬಂತು ಅಂದ್ರೆ ಜನ ಡೇರಿ ಮುಂದೆ ನಿಮ್ಮನ್ನೇ ತಾನೇ ಹಿಡಿದು ಕೇಳೋದು, ಅದನ್ನೇ ಹೇಳಿ" ಅಂದರು. ಅದೂ ನಿಜವೇ. ನನ್ನ ಮಗಳ ಜೊತೆ, ತಮ್ಮನ ಮಗನ ಜೊತೆ, ಊರಿನ ಇನ್ನೂ ಹತ್ತು ಹನ್ನೆರಡು ಮಕ್ಕಳ ಜೊತೆ ಕಂಪ್ಯೂಟರ್ ಮುಂದೆ ಕೂತಿದ್ದೇನೆ, ಅವರ ಜೊತೆ ಕಾಲೇಜುಗಳನ್ನೂ ನೋಡಿ ಬಂದಿದ್ದೇನೆ. ಹಾಗೆ ಕಂಡದ್ದನ್ನು ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಸದಸ್ಯರೊಬ್ಬರು ಸಾಯಂಕಾಲ ಹಾಲು ಹಾಕಿ, ಎಲ್ಲರೂ ಹೋಗೋವರೆಗೂ ನಿಂತಿದ್ದು ನನ್ನ ಹತ್ತಿರ ಬಂದರು. "ಎರಡು ಹಸು ಕೊಡಬೇಕು ಅಂತಿದೀನಿ, ಯಾರಾದರೂ ಇದ್ದರೆ ಹೇಳು" ಅಂದರು. ಎರಡೂ ಒಳ್ಳೇ ಕರಾವಿನ ಹಸುಗಳು. ಯಾಕಣ್ಣ ಅಂತ ಕೇಳಿದರೆ ವಿಷಯ ಹೊರಗೆ ಬಂತು. ಮಗಳಿಗೆ ಸಿ.ಇ.ಟಿ. ಮೊದಲನೇ ಸುತ್ತಿನಲ್ಲಿ ಸೀಟು ಬರಲಿಲ್ಲ. ಯಾರೋ ಒಬ್ಬ ಫೋನ್ ಮಾಡಿ, "ನಿಮ್ಮ ಮಗಳಿಗೆ ಇನ್ನು ಸರ್ಕಾರದ ಸೀಟು ಆಗೋದಿಲ್ಲ, ಮ್ಯಾನೇಜ್‌ಮೆಂಟ್ ಸೀಟು ಮೂರೇ ಉಳಿದಿವೆ, ನಾಳೆ ಒಂದು ಲಕ್ಷ ತನ್ನಿ" ಅಂದಿದ್ದಾನೆ. ಆ ಫೋನ್ ನಂಬರು ಅವನಿಗೆ ಎಲ್ಲಿ ಸಿಕ್ಕಿತು ಅಂತ ಇವರು ಕೇಳಲಿಲ್ಲ. ಕಾಲೇಜಿನ ಹೆಸರು ಕೇಳಿದೆ. ಇವರು ಅದನ್ನು ನೋಡಿಯೇ ಇರಲಿಲ್ಲ.

ಅವತ್ತು ರಾತ್ರಿ ಅವರ ಮನೆಗೆ ಹೋಗಿ ಆ ಹುಡುಗಿ ಹಾಕಿದ್ದ ಆಪ್ಷನ್ ಪಟ್ಟಿ ತೆಗೆಸಿ ನೋಡಿದೆವು. ಹಿಂದಿನ ವರ್ಷ ಯಾವ ಕಾಲೇಜಿನಲ್ಲಿ ಎಷ್ಟನೇ ರ‍್ಯಾಂಕಿನವರೆಗೆ ಸೀಟು ಹೋಯಿತು ಅನ್ನುವ ಪಟ್ಟಿ ಕೆ.ಇ.ಎ. ವೆಬ್‌ಸೈಟಿನಲ್ಲಿ ಇರುತ್ತೆ. ಅದರ ಜೊತೆ ಇಟ್ಟು ನೋಡಿದರೆ, ಅವಳ ಪಟ್ಟಿಯಲ್ಲಿದ್ದ ಎರಡು ಮೂರು ಕಾಲೇಜುಗಳಲ್ಲಿ ಗ್ರಾಮೀಣ ಮೀಸಲಾತಿಯ ಸೀಟು ಎರಡನೇ ಸುತ್ತಿನಲ್ಲಿ ಅವಳ ರ‍್ಯಾಂಕಿಗಿಂತ ಬಹಳ ಕೆಳಗಿನವರೆಗೂ ಹೋಗಿತ್ತು. "ಹದಿನೈದು ದಿವಸ ತಡೆಯಿರಿ, ಹಸು ಎಲ್ಲಿಗೂ ಓಡಿಹೋಗಲ್ಲ" ಅಂದೆ. ಎರಡನೇ ಸುತ್ತಿನಲ್ಲಿ ಸೀಟು ಬಂತು. ಅದು ಫೋನ್ ಮಾಡಿದವನು ಹೇಳಿದ ಕಾಲೇಜಿಗಿಂತ ಹಳೆಯ ಕಾಲೇಜು. ಹಸುಗಳು ಕೊಟ್ಟಿಗೆಯಲ್ಲೇ ಉಳಿದವು. ಇನ್ನೊಂದು ಮನೆಯ ಕಥೆ ಹಾಗಾಗಲಿಲ್ಲ. ಅವರು ನಮಗೆ ಹೇಳುವ ಹೊತ್ತಿಗೆ ಐವತ್ತು ಸಾವಿರ ಕೈ ದಾಟಿತ್ತು. ರಶೀದಿ ಇಲ್ಲ, ಆಳೂ ಇಲ್ಲ.

ಹಾಗಾಗಿ ನಾನು ಹೇಳೋದು ಇಷ್ಟೇ. ಹಸು ಕೊಳ್ಳೋಕೆ ಹೋದಾಗ ನಾವು ಎಷ್ಟು ನೋಡ್ತೀವಿ? ಹಲ್ಲು ನೋಡ್ತೀವಿ, ಕೆಚ್ಚಲು ಮುಟ್ಟಿ ನೋಡ್ತೀವಿ, ಎಷ್ಟನೇ ಸೂಲು ಅಂತ ಕೇಳ್ತೀವಿ. ಮಾರೋನು ಹನ್ನೆರಡು ಲೀಟರು ಅಂದರೆ ನಂಬದೆ ಎರಡು ಹೊತ್ತು ನಿಂತು ಕರೆಸಿ ಅಳೆಸ್ತೀವಿ. ಎಪ್ಪತ್ತು ಎಂಬತ್ತು ಸಾವಿರದ ಹಸುವಿಗೆ ಇಷ್ಟು ನೋಡೋ ನಾವು, ನಾಲ್ಕು ವರ್ಷ ಮಕ್ಕಳನ್ನು ಬಿಟ್ಟು ಲಕ್ಷಗಟ್ಟಲೆ ಕಟ್ಟುವ ಕಾಲೇಜನ್ನು ಬಸ್ಸಿನ ಹಿಂದೆ ಅಂಟಿಸಿದ ಪೋಸ್ಟರ್ ನೋಡಿ ಒಪ್ಪಿಕೊಳ್ತೀವಿ.

ಮೊದಲು ಕಾಗದದ ಲೆಕ್ಕ ಹೇಳಿಬಿಡ್ತೀನಿ. ಇಂಜಿನಿಯರಿಂಗ್ ಕಾಲೇಜಾದರೆ ಎ.ಐ.ಸಿ.ಟಿ.ಇ. ಮಂಜೂರಾತಿ ಇರಬೇಕು, ವಿಶ್ವವಿದ್ಯಾಲಯದ ಸಂಯೋಜನೆ ಇರಬೇಕು. ನಮ್ಮ ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಬೆಳಗಾವಿಯಲ್ಲಿ ಶುರುವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿವೆ. ನರ್ಸಿಂಗ್ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯಾ, ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ ಅಂತ ನೋಡಬೇಕು. ಬಿ.ಎಸ್ಸಿ. ನರ್ಸಿಂಗ್ ಸೀಟುಗಳೂ 2023ರಿಂದ ಸಿ.ಇ.ಟಿ. ಮೂಲಕ ಹೋಗುತ್ತಿವೆ ಅನ್ನುವುದು ನಮ್ಮ ಕಡೆ ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ನ್ಯಾಕ್ ಅಂತ ಒಂದಿದೆ, ಎನ್.ಬಿ.ಎ. ಅಂತ ಇನ್ನೊಂದಿದೆ. ನ್ಯಾಕ್ ಗ್ರೇಡು ಇಡೀ ಕಾಲೇಜಿಗೆ ಕೊಡುವುದು. ಎನ್.ಬಿ.ಎ. ಒಂದೊಂದು ಬ್ರ್ಯಾಂಚಿಗೆ ಬೇರೆ ಬೇರೆ ಕೊಡುವುದು. ಗೇಟಿನ ಮೇಲೆ ಎನ್.ಬಿ.ಎ. ಅಂತ ಬರೆದಿದ್ದರೆ ಯಾವ ಬ್ರ್ಯಾಂಚಿಗೆ, ಯಾವ ವರ್ಷದವರೆಗೆ ಅಂತ ಕೇಳಿ. ಮೆಕ್ಯಾನಿಕಲ್‌ಗೆ ಬಂದದ್ದನ್ನು ತೋರಿಸಿ ಕಂಪ್ಯೂಟರ್ ಸೀಟು ಮಾರೋರೂ ಇದ್ದಾರೆ. ನಮ್ಮ ಸಂಘದಲ್ಲಿ ಒಬ್ಬರ ಹಾಲಿನ ಫ್ಯಾಟನ್ನು ಇನ್ನೊಬ್ಬರ ಪಾಸ್‌ಬುಕ್ಕಿನಲ್ಲಿ ಬರೆಯೋಕೆ ಬಿಡ್ತೀವಾ?

ಕಾಗದ ಸರಿ ಇದ್ದರೂ ಸಾಲದು. ಹೋಗಿ ನೋಡಬೇಕು. ಅಡ್ಮಿಶನ್ ಆಫೀಸಿನಲ್ಲಿ ಎ.ಸಿ. ರೂಮಿನಲ್ಲಿ ಕೂರಿಸಿ, ಕಾಫಿ ಕೊಟ್ಟು, ಹೊಳೆಯೋ ಪುಸ್ತಕ ಕೊಡ್ತಾರೆ. ಅದನ್ನು ಈಸ್ಕೊಂಡು ಹೊರಗೆ ಬನ್ನಿ. ಗೇಟಿನ ಎದುರು ಒಂದು ಟೀ ಅಂಗಡಿ ಇದ್ದೇ ಇರುತ್ತೆ. ಸಾಯಂಕಾಲ ನಾಲ್ಕು ಗಂಟೆ ಮೇಲೆ ಅಲ್ಲಿ ಹೋಗಿ ಕೂತುಕೊಳ್ಳಿ. ಮೂರನೇ ವರ್ಷ, ನಾಲ್ಕನೇ ವರ್ಷದ ಹುಡುಗರು ಬರ್ತಾರೆ. "ಯಾವೂರಪ್ಪ, ನಮ್ಮ ಹುಡುಗನ್ನ ಇಲ್ಲಿ ಸೇರಿಸೋಣ ಅಂತಿದೀವಿ" ಅಂದರೆ ಸಾಕು, ಹಳ್ಳಿ ಹುಡುಗರು ಬಿಚ್ಚಿ ಹೇಳ್ತಾರೆ. ಮೇಷ್ಟರು ವರ್ಷಪೂರ್ತಿ ಇರ್ತಾರಾ, ನಡುವೆ ಬಿಟ್ಟು ಹೋಗ್ತಾರಾ? ಲ್ಯಾಬಿನಲ್ಲಿ ನೀವೇ ಕೈಯಿಂದ ಮಾಡ್ತೀರಾ, ಮಾಡೋದನ್ನು ನಿಂತು ನೋಡ್ತೀರಾ? ಮೊದಲನೇ ವರ್ಷದಲ್ಲಿ ಗಣಿತ ಎಷ್ಟು ಜನಕ್ಕೆ ಹೋಗುತ್ತೆ? ಕನ್ನಡ ಮಾಧ್ಯಮದಿಂದ ಬಂದವರನ್ನು ಹೇಗೆ ನೋಡ್ಕೊಳ್ತಾರೆ? ಹಾಸ್ಟೆಲಿನಲ್ಲಿ ಬೇಸಿಗೆಗೆ ನೀರು ಇರುತ್ತಾ? ಫೀಸು ಅಂತ ಹೇಳಿದ್ದಲ್ಲದೆ ಆಮೇಲೆ ಏನೇನು ಕಿತ್ತರು? ಇದಕ್ಕೆಲ್ಲ ಉತ್ತರ ಆ ಹೊಳೆಯೋ ಪುಸ್ತಕದಲ್ಲಿ ಇರಲ್ಲ.

ಒಂದು ಕಾಲೇಜಿನಲ್ಲಿ ನಮಗೆ ದೊಡ್ಡ ಲೈಬ್ರರಿ ತೋರಿಸಿದರು. ಬಹಳ ಚೆನ್ನಾಗಿತ್ತು. ನಮ್ಮ ತಮ್ಮನ ಮಗ ಒಂದು ಪುಸ್ತಕ ಎಳೆದು ಹಿಂದಿನ ಚೀಟಿ ನೋಡಿದ. ಪುಸ್ತಕ ಮನೆಗೆ ತಗೊಂಡು ಹೋದ ತಾರೀಖು ಬರೀತಾರಲ್ಲ, ಆ ಚೀಟಿ. ಖಾಲಿ. ಇನ್ನೊಂದು ಎಳೆದ, ಅದೂ ಖಾಲಿ. ಬಹುಶಃ ಈಗ ಎಲ್ಲಾ ಕಂಪ್ಯೂಟರಿನಲ್ಲೇ ಬರ್ಕೊಳ್ತಾರೋ ಏನೋ ಅಂತ ಕೇಳಿದೆ. ತೋರಿಸ್ತಿದ್ದ ಅಮ್ಮ ನಕ್ಕುಬಿಟ್ಟರು. ನಾವೂ ನಕ್ಕು ಬಂದೆವು. ಆ ಕಾಲೇಜು ಪಟ್ಟಿಯಲ್ಲಿ ಕೆಳಗೆ ಹೋಯಿತು.

ಕೆಲಸದ ವಿಷಯ. ಪ್ಲೇಸ್‌ಮೆಂಟ್ ಅಂತಾರೆ. ಗೋಡೆ ಮೇಲೆ ಒಬ್ಬ ಹುಡುಗನ ಫೋಟೋ ಹಾಕಿ ವರ್ಷಕ್ಕೆ ಇಪ್ಪತ್ತು ಲಕ್ಷ ಅಂತ ಬರೆದಿರ್ತಾರೆ. ಊರಿಗೆಲ್ಲ ಒಂದು ಹಸು ಇಪ್ಪತ್ತೈದು ಲೀಟರ್ ಕೊಟ್ಟರೆ ಸಂಘದ ಹಾಲು ಹೆಚ್ಚುತ್ತಾ? ನೀವು ಕೇಳಬೇಕಾದ್ದು ಮೂರು. ನನ್ನ ಮಗು ಸೇರೋ ಬ್ರ್ಯಾಂಚಿನಲ್ಲಿ ಹೋದ ವರ್ಷ ಎಷ್ಟು ಜನ ಮುಗಿಸಿದರು, ಅದರಲ್ಲಿ ಎಷ್ಟು ಜನಕ್ಕೆ ಕೆಲಸ ಆಯಿತು, ಅವರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವನಿಗೆ ಎಷ್ಟು ಸಂಬಳ. ಈ ನಡುವಿನವನ ಸಂಬಳಕ್ಕೆ ಮೀಡಿಯನ್ ಅಂತಾರೆ. ಕೇಂದ್ರ ಸರ್ಕಾರದ ಎನ್.ಐ.ಆರ್.ಎಫ್. ಪಟ್ಟಿಗೆ ಅರ್ಜಿ ಹಾಕುವ ಕಾಲೇಜುಗಳು ಈ ಲೆಕ್ಕವನ್ನು ಕೊಡಬೇಕು, ಕಾಲೇಜಿನ ವೆಬ್‌ಸೈಟಿನಲ್ಲೂ ಹಾಕಿರಬೇಕು. ಮಕ್ಕಳ ಕೈಲಿ ಹುಡುಕಿಸಿ. ಅದು ಸಿಗದೆ ಫೋಟೋ ಮಾತ್ರ ಸಿಕ್ಕರೆ ಅರ್ಥ ಮಾಡಿಕೊಳ್ಳಿ.

ಬ್ರ್ಯಾಂಚಿನ ಹೆಸರಿಗೂ ಮರುಳಾಗಬೇಡಿ. ಆರ್ಟಿಫಿಷಿಯಲ್ ಇಂಟೆಲಿಜೆನ್ಸ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಅಂತ ಹೊಸ ಹೊಸ ಹೆಸರು ಬಂದಿವೆ. ತಪ್ಪಲ್ಲ. ಆದರೆ ಕಲಿಸೋ ಮೇಷ್ಟರು ಇದ್ದಾರಾ, ಆ ಬ್ರ್ಯಾಂಚಿನಿಂದ ಒಂದು ತಂಡವಾದರೂ ಮುಗಿಸಿ ಹೊರಗೆ ಬಂದಿದೆಯಾ ಅಂತ ಕೇಳಿ. ಹೊಸ ಕಾಲೇಜಿನ ಹೊಸ ಹೆಸರಿಗಿಂತ, ಹಳೆ ಕಾಲೇಜಿನ ಸಿವಿಲ್ಲೋ ಎಲೆಕ್ಟ್ರಿಕಲ್ಲೋ ಎಷ್ಟೋ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರೂ ಇಲ್ಲಿದ್ದಾರೆ, ನಮ್ಮ ತಮ್ಮನೇ ಒಪ್ಪಲ್ಲ.

ಇನ್ನು ನಮ್ಮ ಹಕ್ಕಿನ ವಿಷಯ. ದಯವಿಟ್ಟು ಹಿಂದೆ ಮಾತಾಡ್ತಿರೋರು ಇದೊಂದನ್ನು ಕೇಳಿಸ್ಕೊಳ್ಳಿ.

ಸಿ.ಇ.ಟಿ. ಅನ್ನುವುದು ಸುಮ್ಮನೆ ಬಂದದ್ದಲ್ಲ. ಕ್ಯಾಪಿಟೇಶನ್ ಹಾವಳಿ ತಡೆಯೋಕೆ ಅಂತ ಕರ್ನಾಟಕದಲ್ಲಿ 1984ರಲ್ಲೇ ಕಾನೂನು ಬಂತು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮಾರನೇ ವರ್ಷ, 1994ರಲ್ಲಿ, ನಮ್ಮ ರಾಜ್ಯದಲ್ಲಿ ಸಿ.ಇ.ಟಿ. ಘಟಕ ಶುರುವಾಯಿತು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಆಮೇಲಿನ ವರ್ಷಗಳಲ್ಲಿ ಸೀಟು ಆರಿಸಿಕೊಳ್ಳೋಕೆ ಮಕ್ಕಳನ್ನು ಕರ್ಕೊಂಡು, ಡಿ.ಡಿ. ಜೇಬಿನಲ್ಲಿಟ್ಟುಕೊಂಡು, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಬೇಕಿತ್ತು. ಅಲ್ಲಿ ಟಿ.ವಿ. ಪರದೆ ಮೇಲೆ ಸೀಟು ಒಂದೊಂದೇ ಖಾಲಿಯಾಗೋದನ್ನು ನೋಡಿ ಎದೆ ಹೊಡ್ಕೊಳ್ತಿತ್ತು ಅಂತ ನಮ್ಮ ದೊಡ್ಡಪ್ಪನ ಮಗ ಈಗಲೂ ಹೇಳ್ತಾನೆ. ಈಗ ಅದೆಲ್ಲ ಮನೆಯಲ್ಲೇ ಕಂಪ್ಯೂಟರಿನಲ್ಲಿ ಆಗುತ್ತೆ.

ಇದರಲ್ಲಿ ಹಳ್ಳಿ ಮಕ್ಕಳಿಗೆ ಎರಡು ಮೀಸಲಾತಿ ಇವೆ. ಒಂದರಿಂದ ಹತ್ತನೇ ತರಗತಿವರೆಗೆ ಹತ್ತು ವರ್ಷವೂ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ. 15. ಆ ಹತ್ತು ವರ್ಷವೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಇದು ಜಾತಿ ಮೀಸಲಾತಿಯ ಬದಲಿಗೆ ಅಲ್ಲ, ಅವರವರ ವರ್ಗದ ಒಳಗೇ ಸಿಗೋದು. ನಾನು ಹೇಳಿದ ಆ ಹಳೇ ರ‍್ಯಾಂಕಿನ ಪಟ್ಟಿಯಲ್ಲಿ 2ಎ ಅಂತ ಇದ್ದರೆ ಅದರ ಪಕ್ಕದಲ್ಲೇ 2ಎಜಿ, 2ಎಕೆ, 2ಎಆರ್ ಅಂತ ಮೂರು ಕಾಲಂ ಇರುತ್ತೆ. ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ. ಜನರಲ್ ಮೆರಿಟ್‌ನವರಿಗೂ ಜಿ.ಎಂ.ಆರ್., ಜಿ.ಎಂ.ಕೆ. ಅಂತ ಇದೆ. ನಮ್ಮವರು ಮೊದಲನೇ ಕಾಲಂ ನೋಡಿ "ಅಯ್ಯೋ ನಮಗೆ ಬರಲ್ಲ" ಅಂತ ಪುಸ್ತಕ ಮುಚ್ಚಿಡ್ತಾರೆ. ಪಕ್ಕದ ಕಾಲಂ ನಮ್ಮದು ಅಂತ ನೋಡೋದೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಮಗುವನ್ನು ಐದನೇ ಕ್ಲಾಸಿಗೆ ವ್ಯಾನ್ ಹತ್ತಿಸಿ ತಾಲ್ಲೂಕು ಕೇಂದ್ರದ ಶಾಲೆಗೆ ಕಳಿಸಿದರೆ ಈ ಹತ್ತು ವರ್ಷದ ಲೆಕ್ಕ ತಪ್ಪುತ್ತೆ. ಮನೆ ಹಳ್ಳಿಯಲ್ಲೇ ಇದ್ದರೂ ಶಾಲೆ ಪುರಸಭೆಯ ಒಳಗಿದ್ದರೆ ಗ್ರಾಮೀಣ ಅಲ್ಲ. ಪಟ್ಟಣ ಪಂಚಾಯಿತಿಯೂ ಅಷ್ಟೇ. ಮೀಸಲಾತಿಗೋಸ್ಕರ ಮಗುವನ್ನು ಇಲ್ಲೇ ಇಡಿ ಅಂತ ನಾನು ಹೇಳ್ತಿಲ್ಲ. ಮೇಷ್ಟರಿಲ್ಲದ ಶಾಲೆಯಲ್ಲಿ ಮೀಸಲಾತಿ ಕಾಯ್ಕೊಂಡು ಕೂತರೆ ಮಗು ಕಲಿಯೋದೇನು? ಆದರೆ ಕಳಿಸುವಾಗ ಏನು ಬಿಡ್ತಾ ಇದ್ದೀವಿ ಅಂತ ಗೊತ್ತಿದ್ದು ಕಳಿಸಿ. ಪಿ.ಯು.ಸಿ.ಗೆ ಹಾಸನಕ್ಕೋ ಮೈಸೂರಿಗೋ ಕಳಿಸೋದರಿಂದ ಈ ಹಕ್ಕು ಹೋಗೋದಿಲ್ಲ, ಲೆಕ್ಕ ಹತ್ತನೇ ತರಗತಿವರೆಗೆ ಮಾತ್ರ.

ಕಾಗದ ಪತ್ರ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಜಾತಿ ಆದಾಯ ಪ್ರಮಾಣ ಪತ್ರ ನಾಡಕಚೇರಿಯಲ್ಲಿ ಸಿಗುತ್ತೆ. ಪರಿಶಿಷ್ಟರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿ ಇವರಿಗೆ ನಮೂನೆ ಎಫ್. ಅದರ ಮೇಲಿರುವ ಆರ್.ಡಿ. ನಂಬರನ್ನೇ ಅರ್ಜಿಯಲ್ಲಿ ಹಾಕೋದು. ಅದರಲ್ಲಿ ಹೆಸರು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹಾಗೇ ಇರಬೇಕು. ಅಲ್ಲಿ "ಗೌಡ" ಇದ್ದು ಇಲ್ಲಿ ಇಲ್ಲದಿದ್ದರೆ ಜುಲೈ ತಿಂಗಳಲ್ಲಿ ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಬೇಕಾಗುತ್ತೆ. ಶಾಲೆಯಲ್ಲಿ ಓದಿದ ವಿವರ ಈಗ ಸ್ಯಾಟ್ಸ್ ನಂಬರಿನಿಂದ ಎಷ್ಟೋ ಮಟ್ಟಿಗೆ ತಾನಾಗಿಯೇ ಬರುತ್ತೆ. ಸರಿಯಾಗಿ ಬಂದಿದೆಯಾ ಅಂತ ನೋಡೋದು ನಮ್ಮ ಕೆಲಸ. ಬರದಿದ್ದರೆ ಮುಖ್ಯೋಪಾಧ್ಯಾಯರ ಸಹಿ, ಬಿ.ಇ.ಓ. ಸಾಹೇಬರ ಮೇಲು ಸಹಿ ಇರುವ ವ್ಯಾಸಂಗ ಪ್ರಮಾಣ ಪತ್ರ ಕೈಯಲ್ಲಿರಲಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದರೆ ಎಸ್.ಎನ್.ಕ್ಯು. ಅಂತ ಹೆಚ್ಚುವರಿ ಸೀಟುಗಳಿವೆ, ಅದರಲ್ಲಿ ಬೋಧನಾ ಶುಲ್ಕ ಇಲ್ಲ. 60 ಸೀಟಿನ ಬ್ರ್ಯಾಂಚಿಗೆ 3 ಸೀಟು. ನಮ್ಮಲ್ಲಿ ಯಾರ ಆದಾಯ 8 ಲಕ್ಷ ದಾಟುತ್ತೆ ಹೇಳಿ! ಅರ್ಜಿ ತುಂಬುವಾಗ ಅದನ್ನು ಕೇಳುವ ಕಡೆ "ಬೇಡ" ಅಂತ ಒತ್ತಿ ಬರೋರೂ ಇದ್ದಾರೆ.

ಈಗ ಆಪ್ಷನ್ ಎಂಟ್ರಿ. ಇದರ ಬಗ್ಗೆ ಊರಿನಲ್ಲಿ ಇರೋ ತಪ್ಪು ತಿಳುವಳಿಕೆ ಇನ್ನಾವುದರ ಬಗ್ಗೆಯೂ ಇಲ್ಲ. "ದೊಡ್ಡ ಕಾಲೇಜು ಮೊದಲು ಹಾಕಿದರೆ ಅದೂ ಸಿಗಲ್ಲ, ಕೆಳಗಿನದೂ ಕೈ ತಪ್ಪುತ್ತೆ" ಅಂತಾರೆ. ಹಾಗಲ್ಲ. ಕಂಪ್ಯೂಟರ್ ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತೆ. ನಿಮ್ಮ ಮಗುವಿನ ಸರದಿ ಬಂದಾಗ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತೆ. ಮೊದಲನೆಯದು ಖಾಲಿ ಇದೆಯಾ? ಇಲ್ಲ. ಎರಡನೆಯದು? ಇಲ್ಲ. ಹನ್ನೊಂದನೆಯದು ಇದೆಯಾ? ಇದೆ, ಕೊಟ್ಟಿತು. ಮೇಲಿನ ಹತ್ತನ್ನು ಕೇಳಿದ್ದಕ್ಕೆ ಹನ್ನೊಂದನೆಯದು ನಿಮ್ಮ ಹಿಂದಿರುವವನಿಗೆ ಹೋಗೋದಿಲ್ಲ, ಅವನ ಸರದಿ ನಿಮ್ಮ ಆದಮೇಲೆ. ಆದ್ದರಿಂದ ನಿಜವಾಗಿ ಯಾವುದು ಹೆಚ್ಚು ಬೇಕೋ ಅದು ಮೇಲಿರಲಿ. ಸಿಗಬಹುದಾದ್ದನ್ನು ಮೊದಲು ಹಾಕಿದರೆ ಅದೇ ಸಿಗುತ್ತೆ, ಅದಕ್ಕಿಂತ ಕೆಳಗೆ ಹಾಕಿದ್ದು ಅಲ್ಲಿಗೆ ಮುಗಿಯಿತು.

ಪಟ್ಟಿ ಉದ್ದ ಇರಲಿ. ಐದಾರು ಹಾಕಿ ಕೂರೋದು ಸಾಲದು. ಆದರೆ ಸಿಕ್ಕರೂ ಸೇರೋದಿಲ್ಲ ಅನ್ನುವ ಕಾಲೇಜನ್ನು ಎಲ್ಲಿಯೂ ಹಾಕಬೇಡಿ. ಹಾಗೇ ಒಂದೇ ತರಹದ ಹೆಸರಿನ ಕಾಲೇಜುಗಳು ಬೇರೆ ಬೇರೆ ಊರಿನಲ್ಲಿ ಇರುತ್ತವೆ. ಕೋಡ್ ಹಾಕಿದ ಮೇಲೆ ಊರಿನ ಹೆಸರನ್ನೂ ಓದಿ ನೋಡಿ. ಮೊದಲು ಅಣಕು ಹಂಚಿಕೆ ಮಾಡ್ತಾರೆ. ಅದು ಪರೀಕ್ಷೆಗೆ ಮುಂಚಿನ ತಯಾರಿ ಇದ್ದ ಹಾಗೆ, ಅದನ್ನು ನೋಡಿ ಪಟ್ಟಿ ತಿದ್ದಿಕೊಳ್ಳೋಕೆ ಅವಕಾಶ ಇರುತ್ತೆ. ನಿಜವಾದ ಹಂಚಿಕೆ ಆದ ಮೇಲೆ ನಾಲ್ಕು ಆಯ್ಕೆ ಕೇಳ್ತಾರೆ. ಒಂದನೆಯದು, ಈ ಸೀಟೇ ಸಾಕು, ಸೇರ್ತೀನಿ. ಎರಡನೆಯದು, ಇದು ಇರಲಿ, ಮೇಲಿನದು ಸಿಕ್ಕರೆ ಮುಂದಿನ ಸುತ್ತಿನಲ್ಲಿ ಕೊಡಿ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಬರ್ತೀನಿ. ನಾಲ್ಕನೆಯದು, ಯಾವುದೂ ಬೇಡ. ಎರಡಕ್ಕೂ ಮೂರಕ್ಕೂ ಇರೋ ವ್ಯತ್ಯಾಸ ತಿಳಿಯದೆ ಒತ್ತಿದರೆ ಕೈಯಲ್ಲಿದ್ದ ಸೀಟು ಹೋಗುತ್ತೆ. ಹಣ ಯಾವಾಗ ಕಟ್ಟಬೇಕು, ಎಷ್ಟು ಕಟ್ಟಬೇಕು ಅನ್ನುವುದು ವರ್ಷ ವರ್ಷ ಸ್ವಲ್ಪ ಬದಲಾಗುತ್ತೆ. ಹೋದ ವರ್ಷದವರನ್ನು ಕೇಳಿದ್ದು ಸಾಲದು, ಆ ವರ್ಷದ ಕೈಪಿಡಿಯನ್ನೇ ಓದಿಸಿ.

ಪಾಸ್‌ವರ್ಡ್ ಮತ್ತು ಓ.ಟಿ.ಪಿ. ಯಾರಿಗೂ ಕೊಡಬೇಡಿ. 2024ರಲ್ಲಿ ಇಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ ಪ್ರಕರಣ ಬಯಲಾಗಿ ಬೆಂಗಳೂರಿನಲ್ಲಿ ಪೊಲೀಸ್ ಕೇಸ್ ಆಯಿತು, ಜನ ಜೈಲಿಗೆ ಹೋದರು. ಸೇರುವ ಮನಸ್ಸಿಲ್ಲದ ಮಕ್ಕಳ ಲಾಗಿನ್‌ನಿಂದ ಒಳ್ಳೆ ಕಾಲೇಜಿನ ಸೀಟು ಹಿಡಿದಿಟ್ಟು, ಕೊನೆಗೆ ಸೇರದೆ ಬಿಟ್ಟು, ಆ ಸೀಟು ಕಾಲೇಜಿನ ಕೈಗೆ ಹೋಗೋ ಹಾಗೆ ಮಾಡೋದು ಅದರ ಒಳಗುಟ್ಟು. ಸೈಬರ್ ಅಂಗಡಿಯವರೆಲ್ಲ ಹಾಗೆ ಅಂತ ನಾನು ಹೇಳೋದಿಲ್ಲ, ನಮ್ಮ ಊರಿನ ಹುಡುಗನೂ ಅಂಗಡಿ ಇಟ್ಟಿದ್ದಾನೆ. ಆದರೂ ಮಗು ತಾನೇ ಕೂತು ತುಂಬಬೇಕು, ತಾನೇ ಪಾಸ್‌ವರ್ಡ್ ಇಟ್ಟುಕೊಳ್ಳಬೇಕು.

ನಮ್ಮ ಮಕ್ಕಳೆಲ್ಲ ಇಂಜಿನಿಯರೇ ಆಗಬೇಕು ಅಂತಲೂ ಇಲ್ಲ. ಬಿ.ಎಸ್ಸಿ. ಕೃಷಿಯಲ್ಲಿ ಅರ್ಧದಷ್ಟು ಸೀಟು ವ್ಯವಸಾಯಗಾರರ ಮಕ್ಕಳಿಗೆ ಮೀಸಲು. ಹಿಂದೆ ಶೇ. 40 ಇತ್ತು, ಈಗ ಶೇ. 50. ಇದಕ್ಕೆ ಸಿ.ಇ.ಟಿ. ಜೊತೆಗೆ 200 ಅಂಕದ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಗೊಬ್ಬರ, ಕೀಟ, ಸಲಕರಣೆ ಮುಂದಿಟ್ಟು ಇದೇನು ಅಂತ ಕೇಳ್ತಾರೆ. ನಮ್ಮ ಮಕ್ಕಳಿಗೆ ಇದು ನೀರು ಕುಡಿದ ಹಾಗೆ ಆಗಬೇಕಿತ್ತು. ಆದರೆ ಮೊನ್ನೆ ಒಬ್ಬ ಹುಡುಗನ ಮುಂದೆ ರಾಗಿ, ಸಾಸಿವೆ ಎರಡೂ ಇಟ್ಟರೆ ಒಂದು ಗಳಿಗೆ ಯೋಚನೆ ಮಾಡಿದ. ಕುಂಟೆ ಯಾವುದು ಕೂರಿಗೆ ಯಾವುದು ಅಂತ ಅಂತೂ ಗೊತ್ತೇ ಇಲ್ಲ. ಹತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲಾದರೂ ಮಕ್ಕಳನ್ನು ಹೊಲಕ್ಕೆ ಕರ್ಕೊಂಡು ಹೋಗಿ. ಪಶುವೈದ್ಯಕೀಯ ಓದೋಕೂ ನಮ್ಮ ಮಕ್ಕಳಿಗೆ ಇದೇ ತರಹದ ಅವಕಾಶ ಇದೆ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಕಾರೇಕೆರೆಯಲ್ಲಿ ಕೃಷಿ ಕಾಲೇಜಿದೆ, ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ, 1960ರಲ್ಲಿ ಶುರುವಾದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಿದೆ. ಇಷ್ಟೆಲ್ಲ ಜಿಲ್ಲೆಯಲ್ಲೇ ಇಟ್ಟುಕೊಂಡು ಯಾರೋ ಫೋನ್ ಮಾಡಿದ್ದಕ್ಕೆ ಗುರುತಿಲ್ಲದ ಊರಿಗೆ ಓಡ್ತೀವಿ. ಡಾಕ್ಟರ್ ಓದೋದಕ್ಕೆ ನೀಟ್ ಬೇರೆ ಇದೆ, ಅದರ ಸಮಾಚಾರ ಮೇಷ್ಟರು ಹೇಳ್ತಾರೆ. ಎಸ್.ಎಸ್.ಎಲ್.ಸಿ. ಆದ ಮೇಲೆ ಡಿಪ್ಲೊಮಾ ಮಾಡಿದವರು ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು. ಕೈ ಬಿಗಿ ಇರೋ ಮನೆಗೆ ಅದು ಒಳ್ಳೆ ದಾರಿ.

ದುಡ್ಡಿನ ಮಾತು. ಹತ್ತು ಲೀಟರ್ ಹಾಲು ಹಾಕೋ ಮನೆ, ಲೀಟರಿಗೆ 35 ರೂಪಾಯಿ ಹಿಡಿಯಿರಿ, ದಿನಕ್ಕೆ 350, ತಿಂಗಳಿಗೆ 10,500. ಹಿಂಡಿ ಬೂಸಾ ಕಳೆದರೆ ಅರ್ಧ ಉಳಿದರೆ ಹೆಚ್ಚು. ಪೇಟೆಯ ಹಾಸ್ಟೆಲಿಗೆ, ಊಟಕ್ಕೆ ಅಷ್ಟೂ ಹೋಗುತ್ತೆ. ಆದ್ದರಿಂದ ಕಾಲೇಜಿನ ಫೀಸು ಒಂದನ್ನೇ ನೋಡಬೇಡಿ, ಹಾಸ್ಟೆಲು, ಬಸ್ಸು, ಪರೀಕ್ಷೆ ಫೀಸು, ಲ್ಯಾಪ್‌ಟಾಪು ಎಲ್ಲಾ ಸೇರಿಸಿ ನಾಲ್ಕು ವರ್ಷಕ್ಕೆ ಗುಣಿಸಿ. ಸರ್ಕಾರಿ ಹಾಸ್ಟೆಲಿಗೆ ಮೊದಲ ದಿವಸವೇ ಅರ್ಜಿ ಹಾಕಿ. ಸೇವಾ ಸಹಕಾರ ಸಂಘದ ಬೆಳೆ ಸಾಲ ತೆಗೆದು ಫೀಸು ಕಟ್ಟಬೇಡಿ. ಶೂನ್ಯ ಬಡ್ಡಿ ಅನ್ನೋದು ಸಕಾಲಕ್ಕೆ ವಾಪಸ್ ಕಟ್ಟಿದರೆ ಮಾತ್ರ, ಫೀಸಿಗೆ ಹೋದ ದುಡ್ಡು ಸುಗ್ಗಿಗೆ ಬರಲ್ಲ. ಬ್ಯಾಂಕಿನಲ್ಲಿ ವಿದ್ಯಾಭ್ಯಾಸ ಸಾಲ ಅಂತಲೇ ಇದೆ. ಕೇಂದ್ರದ ಗ್ಯಾರಂಟಿ ಯೋಜನೆಯಲ್ಲಿ 7.5 ಲಕ್ಷದವರೆಗೆ ಜಮೀನು ಅಡವಿಡಬೇಕಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕೇಳೋದಿಲ್ಲ, ಬಡ್ಡಿಯ ಲೆಕ್ಕ ಮಾತ್ರ ಮೊದಲೇ ಕೇಳಿ ತಿಳ್ಕೊಳ್ಳಿ. ಸಿ.ಇ.ಟಿ.ಯ ಹಂಚಿಕೆ ಪತ್ರ ಕೈಲಿದ್ದರೆ ಬ್ಯಾಂಕಿನಲ್ಲಿ ಮಾತು ಸಲೀಸು. ಯಾವ ಹಣ ಕಟ್ಟಿದರೂ ಕಾಲೇಜಿನ ಹೆಸರಿನ ರಶೀದಿ ತಗೊಳ್ಳಿ. ಮೂಲ ಅಂಕಪಟ್ಟಿ ಒತ್ತೆ ಇಟ್ಟುಕೊಳ್ಳೋ ಹಕ್ಕು ಕಾಲೇಜಿಗಿಲ್ಲ, ನೋಡಿ ವಾಪಸ್ ಕೊಡಬೇಕು ಅಂತ ಯು.ಜಿ.ಸಿ. 2018ರಲ್ಲೇ ಹೇಳಿದೆ.

ಕೊನೆಗೆ ತಾಯಂದಿರಿಗೆ, ಅದಕ್ಕಿಂತ ಹೆಚ್ಚಾಗಿ ತಂದೆಯಂದಿರಿಗೆ ಒಂದು ಮಾತು. ಇವತ್ತು ಬಹುಮಾನ ತಗೊಂಡವರಲ್ಲಿ ಹೆಣ್ಣು ಮಕ್ಕಳೇ ಹೆಚ್ಚು. ಆದರೆ ಆಪ್ಷನ್ ಪಟ್ಟಿ ಬರೆಯುವಾಗ "ಹಾಸನ ದಾಟಬಾರದು" ಅಂತ ಗೆರೆ ಎಳೆಯೋದು ಅವರಿಗೆ ಮಾತ್ರ. ಒಬ್ಬ ಹುಡುಗಿಗೆ ಬೆಂಗಳೂರಿನ ಹೆಸರಾಂತ ಕಾಲೇಜಿಗೆ ಆಗೋ ರ‍್ಯಾಂಕ್ ಇತ್ತು, ಅವಳ ಅಪ್ಪ ಮೊಬೈಲ್ ಕಿತ್ತುಕೊಂಡು ಆ ಕಾಲೇಜನ್ನು ಪಟ್ಟಿಯಿಂದ ಅಳಿಸಿದರು. ಭಯ ಇರೋದು ಸಹಜ, ನನಗೂ ಇತ್ತು. ಹಾಗಿದ್ದರೆ ಹೋಗಿ ಹಾಸ್ಟೆಲ್ ನೋಡಿ. ವಾರ್ಡನ್ ಹೆಂಗಸು ಹೇಗೆ ಮಾತಾಡ್ತಾರೆ ನೋಡಿ, ಬಸ್ ನಿಲ್ದಾಣದಿಂದ ಗೇಟಿನವರೆಗೆ ಸಾಯಂಕಾಲ ಏಳು ಗಂಟೆಗೆ ನಡೆದು ನೋಡಿ, ಅಲ್ಲಿರೋ ಹುಡುಗಿಯರನ್ನು ನಿಮ್ಮ ಮನೆಯಾಕೆಯ ಕೈಲಿ ಕೇಳಿಸಿ. ನಾನೂ ನನ್ನ ಹೆಂಡತಿಯೂ ಹಾಗೇ ಮಾಡಿದ್ವಿ. ನನ್ನ ಮಗಳು ಈಗ ಮೂರನೇ ವರ್ಷದಲ್ಲಿದ್ದಾಳೆ. ಮೊದಲನೇ ಸೆಮಿಸ್ಟರಿನಲ್ಲಿ ಇಂಗ್ಲಿಷಿನ ಪಾಠ ತಲೆಗೆ ಹತ್ತದೆ ರಾತ್ರಿ ಫೋನ್ ಮಾಡಿ ಅಳ್ತಿದ್ದಳು. ಅವಳಿಗೆ ನೋಟ್ಸು ಕೊಟ್ಟು ಹೇಳಿಕೊಟ್ಟವರು ಅದೇ ಹಾಸ್ಟೆಲಿನ ಕೊಪ್ಪಳದ ಕಡೆಯ ಒಬ್ಬ ಸೀನಿಯರ್ ಹುಡುಗಿ. ಅಂಥವರು ಇದ್ದಾರಾ ಅಂತ ಯಾವ ಗ್ರೇಡಿನಲ್ಲೂ ಬರೆದಿರೋದಿಲ್ಲ.

ಆಡಳಿತ ಮಂಡಳಿ ಒಂದು ತೀರ್ಮಾನ ಮಾಡಿದೆ. ಆಪ್ಷನ್ ಎಂಟ್ರಿ ನಡೆಯುವ ದಿನಗಳಲ್ಲಿ, ಸಾಯಂಕಾಲ ಹಾಲು ಅಳೆದಾದ ಮೇಲೆ ಏಳೂವರೆಯಿಂದ ಒಂಬತ್ತರವರೆಗೆ ಸಂಘದ ಕಂಪ್ಯೂಟರ್ ಮಕ್ಕಳಿಗೆ ಬಿಟ್ಟುಕೊಡುತ್ತೇವೆ. ಹಿಂದಿನ ಎರಡು ವರ್ಷದ ರ‍್ಯಾಂಕಿನ ಪಟ್ಟಿ ಪ್ರಿಂಟ್ ತೆಗೆಸಿ ಕಚೇರಿಯಲ್ಲಿ ಇಟ್ಟಿರುತ್ತೇವೆ. ಈಗ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಊರಿನ ಮಕ್ಕಳು ರಜಕ್ಕೆ ಬಂದಾಗ ಅಲ್ಲಿ ಬಂದು ಕೂರಲು ಒಪ್ಪಿದ್ದಾರೆ. ಅಪ್ಪಂದಿರು ಬರುವಾಗ ಮಕ್ಕಳನ್ನೂ ಕರೆದುಕೊಂಡು ಬನ್ನಿ, ಬರೀ ಹಾಲ್‌ಟಿಕೆಟ್ ಹಿಡಿದುಕೊಂಡು ಬರಬೇಡಿ. ಊಟ ಸಿದ್ಧವಾಗಿದೆ ಅಂತ ಕಾರ್ಯದರ್ಶಿಗಳು ಸನ್ನೆ ಮಾಡ್ತಾ ಇದ್ದಾರೆ.